ದೂರ ಸಂಚಾರದ ಮೋಟಾರ್ ಸೈಕಲ್ಲು: ಬದಲಾವಣೆ, ನಿರ್ವಹಣೆ ಮತ್ತು ಬಿಡಿಭಾಗ ತಯಾರಕರ ಲೆಕ್ಕಾಚಾರ

ದ್ವಿಚಕ್ರ ವಾಹನಗಳಲ್ಲಿ ‘ಸ್ಪೋರ್ಟ್ ಟೂರಿಂಗ್’ ಎಂದು ಕರೆಯಲಾಗುವ ಒಂದು ವರ್ಗವಿದೆ. ಓಟದ ಬೈಕಿನ ಚುರುಕು ಹಾಗೂ ದಿನವಿಡೀ ಕುಳಿತು ಸಾಗಬಲ್ಲ ಆಸನ, ಇವೆರಡನ್ನೂ ಒಂದೇ ವಾಹನದಲ್ಲಿ ಹೊಂದಿಸುವುದು ಇದರ ಉದ್ದೇಶ. ವಿದೇಶಗಳಲ್ಲಿ ಇದು ಸಾವಿರ ಸಿ.ಸಿ.ಗೂ ಮೇಲ್ಪಟ್ಟ ದುಬಾರಿ ವಾಹನಗಳ ವರ್ಗ. ನಮ್ಮಲ್ಲಿ ಅದು ಮಧ್ಯಮ ವರ್ಗದ ಕೈಗೆಟುಕುವಂತಾದದ್ದು ಬಜಾಜ್ ಆಟೋ ಸಂಸ್ಥೆಯು 2016ರ ಡಿಸೆಂಬರಿನಲ್ಲಿ 373 ಸಿ.ಸಿ.ಯ ಡಾಮಿನಾರ್ 400 ಅನ್ನು ಒಂದೂವರೆ ಲಕ್ಷ ರೂಪಾಯಿಗಳ ಆಸುಪಾಸಿನ ಬೆಲೆಗೆ ಮಾರುಕಟ್ಟೆಗೆ ತಂದ ಮೇಲೆ ಎನ್ನಬಹುದು. 2019ರಲ್ಲಿ ಅದರ ಎಂಜಿನ್ನಿನ ಶಕ್ತಿ 35ರಿಂದ 40 ಪಿ.ಎಸ್.ಗೆ ಏರಿತು. ಲೇಹ್‌ವರೆಗೆ ಹೋಗಿಬರಬೇಕೆಂಬ ಹಂಬಲವುಳ್ಳ ಯುವಕರು ಮಾತ್ರವಲ್ಲದೆ, ಊರಿಂದೂರಿಗೆ ವಸೂಲಿ ಮತ್ತು ಆರ್ಡರುಗಳಿಗಾಗಿ ತಿರುಗುವ ವ್ಯಾಪಾರಿಗಳೂ ಇಂತಹ ವಾಹನಗಳತ್ತ ಒಲವು ತೋರಿದರು.

ಕಾರ್ಖಾನೆಯಿಂದ ಹೊರಬಂದ ವಾಹನ ದೂರದ ಸಂಚಾರಕ್ಕೆ ಪೂರ್ತಿ ಸಜ್ಜಾಗಿರುವುದು ಅಪರೂಪ. ಗಾಳಿ ಎದೆಗೆ ಬಡಿಯದಂತೆ ಎತ್ತರದ ವೈಸರ್, ಚೀಲಗಳನ್ನು ತೂಗುಹಾಕಲು ಪಕ್ಕದ ಚೌಕಟ್ಟು, ಹಿಂದೆ ಕ್ಯಾರಿಯರ್, ಎಂಜಿನ್ನಿಗೆ ಕಲ್ಲು ಬಡಿಯದಂತೆ ತಗಡಿನ ತಟ್ಟೆ, ಬಿದ್ದಾಗ ಕಾಲು ಕಾಯುವ ಲೆಗ್ ಗಾರ್ಡ್, ಮಂಜಿನಲ್ಲಿ ದಾರಿ ಕಾಣಲು ಹೆಚ್ಚುವರಿ ದೀಪ, ಮೊಬೈಲ್ ಚಾರ್ಜರ್ ಇತ್ಯಾದಿಗಳನ್ನು ಕೊಂಡವರು ತಾವೇ ಹೊಂದಿಸಿಕೊಳ್ಳಬೇಕು. ಪೈಪ್ ಬಾಗಿಸುವ ಯಂತ್ರ, ವೆಲ್ಡಿಂಗ್ ಸೆಟ್ಟು, ಪೌಡರ್ ಕೋಟಿಂಗಿಗೆ ನೆರೆಯ ಘಟಕದ ಸಹಕಾರ, ಇಷ್ಟಿದ್ದ ಸಣ್ಣ ಫ್ಯಾಬ್ರಿಕೇಷನ್ ಘಟಕಗಳಿಗೆ ಹೊಸ ಬಾಗಿಲು ತೆರೆದದ್ದು ಇಲ್ಲಿಯೇ.

ಆದರೆ 2021ರ ಅಕ್ಟೋಬರಿನಲ್ಲಿ ಅದೇ ಬಜಾಜ್ ಸಂಸ್ಥೆ ಎತ್ತರದ ವೈಸರ್, ಹ್ಯಾಂಡ್ ಗಾರ್ಡ್, ಎಂಜಿನ್ ತಟ್ಟೆ, ಲೆಗ್ ಗಾರ್ಡ್, ಕ್ಯಾರಿಯರ್ ಮತ್ತು ಯು.ಎಸ್.ಬಿ. ಚಾರ್ಜರುಗಳನ್ನು ಕಾರ್ಖಾನೆಯಲ್ಲಿಯೇ ಜೋಡಿಸಿದ ಡಾಮಿನಾರ್ 400 ಅನ್ನು ಬಿಡುಗಡೆ ಮಾಡಿತು. ಅಲ್ಲಿಯವರೆಗೆ ಹೊರಗಿನ ಸಣ್ಣ ತಯಾರಕರು ಮಾರುತ್ತಿದ್ದ ಸಾಮಾನುಗಳ ಪಟ್ಟಿಯನ್ನೇ ದೊಡ್ಡ ಸಂಸ್ಥೆ ಕೈಗೆತ್ತಿಕೊಂಡಂತಾಯಿತು. ಗ್ರಾಹಕನ ದೃಷ್ಟಿಯಿಂದ ಇದು ಅನುಕೂಲವೇ ಸರಿ: ವಾರಂಟಿಯ ತಕರಾರಿಲ್ಲ, ವಿಮೆಯ ತಕರಾರಿಲ್ಲ. ಸಣ್ಣ ತಯಾರಕನ ಪಾಲಿಗೆ ಮಾತ್ರ ಇದೊಂದು ಎಚ್ಚರಿಕೆಯ ಗಂಟೆ.

ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳಿತು. ಒಂದು ಮಾದರಿಯ ಬೈಕಿಗೆ ಹೊಂದುವ ಚೌಕಟ್ಟು ತಯಾರಿಸಲು ಅಳತೆ, ಜಿಗ್, ಮಾದರಿ ತುಣುಕುಗಳು ಎಂದೆಲ್ಲ ಸೇರಿ 60,000 ರೂ. ತಗಲುತ್ತದೆ ಎಂದಿಟ್ಟುಕೊಳ್ಳೋಣ. 300 ಜೊತೆ ಮಾರಾಟವಾದರೆ ಪ್ರತಿ ಜೊತೆಯ ಮೇಲೆ ಬೀಳುವ ಹೊರೆ 200 ರೂ. ನಡುವೆ ಕಂಪನಿಯೇ ಅದನ್ನು ಜೋಡಿಸಿ ಕೊಡಲಾರಂಭಿಸಿ 60 ಜೊತೆಗೇ ಮಾರಾಟ ನಿಂತರೆ ಹೊರೆ 1,000 ರೂ.ಗೆ ಏರುತ್ತದೆ. ಹಲವು ಘಟಕಗಳು ಉಕ್ಕಿನ ಬೆಲೆ ಮತ್ತು ಕೂಲಿಯನ್ನು ಮಾತ್ರ ಎಣಿಸಿ ಬೆಲೆ ನಿಗದಿ ಮಾಡುತ್ತವೆ. ಜಿಗ್ಗಿನ ವೆಚ್ಚವನ್ನು ‘ಒಮ್ಮೆ ಮಾಡಿದ್ದು’ ಎಂದು ಬದಿಗಿಡುತ್ತವೆ. ಮಾದರಿ ಬದಲಾದಾಗ ಮೂಲೆಯಲ್ಲಿ ತುಕ್ಕು ಹಿಡಿಯುತ್ತಾ ಬೀಳುವ ಜಿಗ್ಗುಗಳೇ ಈ ಉದ್ದಿಮೆಯ ನಿಜವಾದ ನಷ್ಟ. ಚೌಕಟ್ಟಿನ ಮುಖ್ಯ ಭಾಗವನ್ನು ಎಲ್ಲ ಬೈಕುಗಳಿಗೂ ಸಮಾನವಾಗಿಟ್ಟು, ಬೈಕಿಗೆ ಅಂಟುವ ಪಟ್ಟಿಗಳನ್ನು ಮಾತ್ರ ಮಾದರಿಗೆ ತಕ್ಕಂತೆ ಬದಲಿಸುವ ವಿನ್ಯಾಸ ಈ ಹೊರೆಯನ್ನು ಬಹಳಷ್ಟು ತಗ್ಗಿಸುತ್ತದೆ.

ಕಂಪನಿ ಹಿಂದೆ ಸರಿದ ಜಾಗದಲ್ಲಿ ಸಣ್ಣವರು ನೆಲೆ ಕಂಡುಕೊಂಡ ಉದಾಹರಣೆಯೂ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದಾಗಿ ಮೂರು ದಶಕಗಳಾಗುತ್ತ ಬಂದರೂ ಹಳೆಯ ಯೆಜ್ಡಿಗಳು ರಸ್ತೆಯಲ್ಲಿ ಓಡುತ್ತಿರುವುದು ಹೊರಗಿನ ಬಿಡಿಭಾಗ ತಯಾರಕರಿಂದ ಮತ್ತು ಹಳೆಯ ಮೆಕ್ಯಾನಿಕ್ಕುಗಳಿಂದ.

ಕಾನೂನಿನ ಚೌಕಟ್ಟು

ವಾಹನದ ಬದಲಾವಣೆಯ ವಿಚಾರದಲ್ಲಿ ಕಾನೂನು ಬಿಗಿಯಾಗುತ್ತಲೇ ಬಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯು 182ಎ ಕಲಮನ್ನು ಸೇರಿಸಿತು. ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಎರಡೂ. ತಯಾರಕರು ಮುಖ್ಯವಾಗಿ ಗಮನಿಸಬೇಕಾದದ್ದು ಇನ್ನೊಂದು ಉಪಕಲಮು: ಕೇಂದ್ರ ಸರ್ಕಾರವು ಸುರಕ್ಷತೆಗೆ ನಿರ್ಣಾಯಕವೆಂದು ಅಧಿಸೂಚಿಸಿದ ಬಿಡಿಭಾಗವನ್ನು ನಿಯಮಕ್ಕೆ ಹೊಂದದಂತೆ ಮಾರಿದವರಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಪ್ರತಿ ಭಾಗಕ್ಕೆ ಒಂದು ಲಕ್ಷ ರೂ. ದಂಡ.

ಚೀಲ ತೂಗುಹಾಕುವ, ಬಿಚ್ಚಿ ತೆಗೆಯಬಹುದಾದ ಚೌಕಟ್ಟು ಒಂದು ಬಗೆ. ಸೈಲೆನ್ಸರ್ ಬದಲಿಸುವುದು, ಎಂಜಿನ್ನಿನ ಸಾಮರ್ಥ್ಯ ಹೆಚ್ಚಿಸುವುದು, ಚಾಸಿಯನ್ನು ಕತ್ತರಿಸುವುದು ಬೇರೆಯೇ ಬಗೆ. ಗದ್ದಲದ ಸೈಲೆನ್ಸರಿಗೆ ಶಬ್ದಮಾಲಿನ್ಯದ ಕಲಮಿನಡಿ ಮೊದಲ ಬಾರಿಗೇ 10,000 ರೂ.ವರೆಗೆ ದಂಡವಿದ್ದು, ಚಾಲನಾ ಪರವಾನಗಿ ಮೂರು ತಿಂಗಳು ಅಮಾನತಾಗುವ ಸಂಭವವೂ ಇದೆ. ಸೈಲೆನ್ಸರಿನ ಸದ್ದಿಗಾಗಿ ಹಣ ಸುರಿಯುವವರು ಅದೇ ಹಣವನ್ನು ಟೈರಿಗೆ ಹಾಕಿದರೆ ಮನೆಯವರು ನೆಮ್ಮದಿಯಿಂದ ಮಲಗುತ್ತಾರೆ.

ಮೋಟಾರ್ ಸೈಕಲ್ಲಿಗೆ ಅಳವಡಿಸುವ ಪೆಟ್ಟಿಗೆಯ ಕುರಿತು ರಸ್ತೆ ಸಾರಿಗೆ ಸಚಿವಾಲಯವು 2020ರ ಜುಲೈನಲ್ಲಿ ಅಳತೆಗಳನ್ನು ಪ್ರಕಟಿಸಿತು: ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದು, ಹಿಂಬದಿ ಸವಾರನ ಜಾಗದಲ್ಲಿ ಪೆಟ್ಟಿಗೆ ಇಟ್ಟರೆ ಚಾಲಕನೊಬ್ಬನೇ ಸಾಗಬೇಕು. ಇಂತಹ ಅಳತೆಗಳನ್ನು ತಿಳಿಯದೆ ಅಚ್ಚು ಮಾಡಿಸಿದರೆ ನಷ್ಟ ಯಾರದೆಂದು ಹೇಳಬೇಕಾಗಿಲ್ಲ. ಹೆಲ್ಮೆಟ್ಟಿನ ಉದ್ದಿಮೆಯಲ್ಲಿ ಇಂಥದೇ ಬೆಳವಣಿಗೆ ನಡೆದಿತ್ತು. 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟುಗಳ ತಯಾರಿಕೆ ಮತ್ತು ಮಾರಾಟ ನಿಷಿದ್ಧವಾಯಿತು.

ವಿಮೆಯ ವಿಷಯದಲ್ಲಿ ಒಂದು ಮಾತು. ಕಂಪನಿಯ ಬೆಲೆಪಟ್ಟಿಯಲ್ಲಿ ಸೇರದ ಸಾಮಾನುಗಳ ಮೌಲ್ಯವನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸಿ ಅದಕ್ಕೆ ಪ್ರೀಮಿಯಂ ಕಟ್ಟಬೇಕು. ಬಿಲ್ಲಿಲ್ಲದೆ ಕೊಂಡ ದೀಪ, ಚೌಕಟ್ಟುಗಳಿಗೆ ಪರಿಹಾರ ದೊರೆಯುವುದು ಕಷ್ಟ. ಬಿಲ್ಲು ಕೊಡುವ ತಯಾರಕನಿಗೆ ಇದು ಮಾರಾಟದ ಒಳ್ಳೆಯ ವಾದವೂ ಹೌದು.

ನಿರ್ವಹಣೆ

ದೂರದ ಸಂಚಾರದಲ್ಲಿ ಕೈಕೊಡುವುದು ಬಹುತೇಕ ಎಂಜಿನ್ನಲ್ಲ. ಚೈನು, ಟೈರು ಮತ್ತು ವೈರಿಂಗ್. ಚೈನನ್ನು ಸುಮಾರು 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ಸಾಗಿದ್ದರೆ ಅದೇ ಸಂಜೆ, ಒರೆಸಿ ಎಣ್ಣೆ ಹಾಕಬೇಕು. ಎಂಜಿನ್ ಚಾಲೂ ಇಟ್ಟು ಚಕ್ರ ತಿರುಗಿಸುತ್ತ ಬಟ್ಟೆಯಿಂದ ಒರೆಸುವ ಅಭ್ಯಾಸದಿಂದ ಬೆರಳು ಕಳೆದುಕೊಂಡವರಿದ್ದಾರೆ. ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಚೈನನ್ನು ತೀರ ಬಿಗಿಯಾಗಿ ಎಳೆದರೆ ಸವಾರ ಕುಳಿತು, ಸಾಮಾನು ಹೇರಿದಾಗ ಅದು ಇನ್ನಷ್ಟು ಬಿಗಿದು ಬೇರಿಂಗ್ ಸವೆಯುತ್ತದೆ. ಟೈರಿನ ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಘಾಟಿಯ ಇಳಿಜಾರಿನಲ್ಲಿ ಬ್ರೇಕು ಕಾದಾಗ ಆ ತೇವ ಆವಿಯಾಗಿ ಹಿಡಿತ ತಪ್ಪುತ್ತದೆ. ನೋಡಲು ಚೆನ್ನಾಗಿದ್ದರೂ ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಇದಕ್ಕಾಗಿಯೇ.

ವೈರಿಂಗಿನ ದೋಷ ಹೆಚ್ಚಾಗಿ ಮನುಷ್ಯನಿರ್ಮಿತ. 40 ವಾಟಿನ ಎರಡು ದೀಪಗಳು 12 ವೋಲ್ಟಿನಲ್ಲಿ ಸುಮಾರು 6.7 ಆಂಪಿಯರ್ ಎಳೆಯುತ್ತವೆ. ಅದನ್ನು ಹೆಡ್‌ಲೈಟಿನ ಸ್ವಿಚ್ಚಿಗೆ ನೇರ ಜೋಡಿಸಿದರೆ ಸ್ವಿಚ್ಚು ಕರಗುತ್ತದೆ. ಬ್ಯಾಟರಿಯಿಂದ ಪ್ರತ್ಯೇಕ ತಂತಿ, ಅದಕ್ಕೆ ಫ್ಯೂಸ್, ನಡುವೆ ರಿಲೇ, ಇಷ್ಟು ಇರಲೇಬೇಕು. ಈ ಮೂರನ್ನೂ ಸೇರಿಸಿ ಸಿದ್ಧಪಡಿಸಿದ ತಂತಿಗುಚ್ಛವನ್ನು ದೀಪದ ಜೊತೆಗೇ ಕೊಟ್ಟರೆ ಕೊಳ್ಳುವವನಿಗೂ ಉಪಕಾರ, ಮಾರುವವನ ಹೆಸರಿಗೂ ಕ್ಷೇಮ.

ಸವೆಯುವ ಭಾಗಗಳನ್ನು ಕಿಲೋಮೀಟರ್ ಲೆಕ್ಕದಲ್ಲಿ ನೋಡಬೇಕು. ಟೈರುಗಳ ಜೊತೆಗೆ 12,000 ರೂ. ತೆತ್ತು 15,000 ಕಿ.ಮೀ. ಓಡಿಸಿದರೆ ಕಿ.ಮೀ.ಗೆ 80 ಪೈಸೆ, 6,000 ರೂ.ಗಳ ಚೈನು-ಸ್ಪ್ರಾಕೆಟ್ 20,000 ಕಿ.ಮೀ. ಬಾಳಿದರೆ 30 ಪೈಸೆ. ಚೈನಿಗೆ ಎಣ್ಣೆ ಹಾಕದೆ ಅದು ಹತ್ತೇ ಸಾವಿರಕ್ಕೆ ಸವೆದರೆ ಈ 30 ಪೈಸೆ 60 ಆಗುತ್ತದೆ. ಪೆಟ್ರೋಲಿನ ಬೆಲೆಯನ್ನು ಮಾತ್ರ ಲೆಕ್ಕ ಹಾಕುವವರಿಗೆ ಇದು ಕಾಣಿಸುವುದಿಲ್ಲ.

ಸವಾರಿ

ಸಾಮಾನಿನ ಭಾರ ಆದಷ್ಟು ಕೆಳಗೆ, ಎರಡು ಚಕ್ರಗಳ ನಡುವೆ ಇರಬೇಕು. ಹಿಂದಿನ ಅಚ್ಚಿನಿಂದಾಚೆ ಎತ್ತರದಲ್ಲಿ ಪೆಟ್ಟಿಗೆ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ವೇಗದಲ್ಲಿ ಹ್ಯಾಂಡಲ್ ಅದುರತೊಡಗುತ್ತದೆ. ಡಾಮಿನಾರಿನ ಟ್ಯಾಂಕು 13 ಲೀಟರಿನದು. ಲೀಟರಿಗೆ 25 ಕಿ.ಮೀ. ಎಂದರೂ 325 ಕಿ.ಮೀ. 250ಕ್ಕೆ ನಿಲ್ಲುವುದು ವಿವೇಕ, ಬೆನ್ನಿಗೂ ಆ ವಿರಾಮ ಬೇಕು. ಆಗುಂಬೆ, ಚಾರ್ಮಾಡಿಗಳಂತಹ ಘಾಟಿಗಳನ್ನು ಮಳೆಗಾಲದಲ್ಲಿ ಕತ್ತಲಾದ ಮೇಲೆ ಇಳಿಯದಿರುವುದು ಲೇಸು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶ ನಿಷೇಧಿಸಲಾಯಿತು; ಎಷ್ಟೇ ದೊಡ್ಡ ಎಂಜಿನ್ನಿನ ಬೈಕಾದರೂ ಸರ್ವಿಸ್ ರಸ್ತೆಯೇ ಗತಿ.

ತೆರಿಗೆ

2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಮೋಟಾರ್ ಸೈಕಲ್ಲುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ಅದಕ್ಕೂ ಮೇಲ್ಪಟ್ಟವುಗಳಿಗೆ ಮೊದಲು ಸೆಸ್ ಸೇರಿ ಶೇ. 31 ಇದ್ದದ್ದು 40 ಆಯಿತು. 373 ಸಿ.ಸಿ. ಎಂಜಿನ್ನು ಕೇವಲ 23 ಸಿ.ಸಿ.ಯ ಅಂತರದಿಂದ ಎರಡನೆಯ ಗುಂಪಿಗೆ ಬೀಳುತ್ತದೆ. ದೂರ ಸಂಚಾರದ ಬೈಕುಗಳ ಬೇಡಿಕೆ 350ರ ಗೆರೆಯ ಕೆಳಗೆ ಸರಿಯುವ ಸಾಧ್ಯತೆ ಇರುವುದರಿಂದ, ಯಾವ ಮಾದರಿಗೆ ಜಿಗ್ ಮಾಡಿಸಬೇಕೆಂದು ಆಲೋಚಿಸುವ ಘಟಕಗಳಿಗೆ ಈ ಗೆರೆ ಮುಖ್ಯ. ಮೋಟಾರ್ ಸೈಕಲ್ಲಿನ ಬಿಡಿಭಾಗಗಳ ತೆರಿಗೆಯೂ ಅದೇ ದಿನದಿಂದ ಶೇ. 18ಕ್ಕೆ ಇಳಿದಿದೆ.

ವ್ಯಾಪಾರಕ್ಕೆಂದು ಬೈಕು ಕೊಂಡವರು ಅದರ ಜಿ.ಎಸ್.ಟಿ.ಗೆ ಇನ್‌ಪುಟ್ ಕ್ರೆಡಿಟ್ ಪಡೆಯುವಂತಿಲ್ಲ. ಜನರನ್ನು ಸಾಗಿಸುವ, ಹದಿಮೂರು ಆಸನಗಳವರೆಗಿನ ವಾಹನಗಳ ನಿರ್ಬಂಧ ದ್ವಿಚಕ್ರಕ್ಕೂ ಅನ್ವಯಿಸುತ್ತದೆ. ಅದರ ರಿಪೇರಿ ಮತ್ತು ವಿಮೆಯದೂ ಹಾಗೆಯೇ. ಹೀಗೆ ದೊರೆಯದ ತೆರಿಗೆಯನ್ನು ವಾಹನದ ಮೌಲ್ಯಕ್ಕೆ ಸೇರಿಸಿ ಆದಾಯ ತೆರಿಗೆಯಲ್ಲಿ ಶೇ. 15ರ ಸವಕಳಿ ಪಡೆಯಬಹುದು. ಕೊಂಡ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಭಾನುವಾರದ ವಿಹಾರಕ್ಕೂ ಅದೇ ಬೈಕನ್ನು ಬಳಸುವವರು ಸ್ವಂತದ ಪಾಲನ್ನು ಕಳೆದೇ ತೋರಿಸಬೇಕು. ದಿನಾಂಕ, ಊರು, ಕಿಲೋಮೀಟರ್ ಬರೆದಿಡುವ ಪುಸ್ತಕವೊಂದಿದ್ದರೆ ವಿಚಾರಣೆಯ ವೇಳೆ ಮಾತು ಸಲೀಸು.

ಬಿಡಿಭಾಗಗಳನ್ನು ಅಂಗಡಿಗಳಿಗೆ ಸಾಲವಾಗಿ ಕೊಡುವ ತಯಾರಕರು ಉದ್ಯಮ್ ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಮುದ್ರಿಸಿಕೊಳ್ಳಬೇಕು. ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಪಾವತಿಸಬೇಕು. 2023-24ನೇ ಹಣಕಾಸು ವರ್ಷದಿಂದ, ಈ ಅವಧಿ ಮೀರಿದ ಬಾಕಿಯನ್ನು ಕೊಂಡವರು ಹಣ ಕೊಟ್ಟ ವರ್ಷದಲ್ಲಷ್ಟೇ ವೆಚ್ಚವೆಂದು ತೋರಿಸಬಹುದು. ಮಾರ್ಚ್ ತಿಂಗಳಲ್ಲಿ ಬಾಕಿ ಕೇಳಲು ಹೋಗುವವರು ಈ ನಿಯಮದ ಪ್ರತಿಯೊಂದನ್ನು ಜೊತೆಗೆ ಒಯ್ದರೆ ಅಂಗಡಿಯವರ ಲೆಕ್ಕಿಗರೇ ಚೆಕ್ ಬರೆಸುತ್ತಾರೆ.