ಹಾಲು ಸಾಲದೇ? ಮೊದಲು ಆಶಾ ನೋಡಲಿ

ಮಗು ಅಳುತ್ತದೆ. “ಹಾಲು ಸಾಲವಲ್ದು, ಡಬ್ಬಿ ಹಾಲು ತರಸ್ರಿ” ಎಂದು ಅಜ್ಜಿ ತೀರ್ಪು ಕೊಟ್ಟುಬಿಡುತ್ತಾಳೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲಿಯ ಬಾಣಂತಿ ಕೋಣೆಗೂ ಈ ಮಾತು ಹೊಸದಲ್ಲ. ಡಬ್ಬಿ ತರಿಸುವ ಮುನ್ನ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಮಗು ಹಾಲು ಕುಡಿಯುವುದನ್ನು ಅವರು ಒಮ್ಮೆ ಕುಳಿತು ನೋಡಲಿ.

ಆಶಾ ವ್ಯವಸ್ಥೆ 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದಿತು. 2011ರಿಂದ ಹಸುಗೂಸಿನ ಮನೆಭೇಟಿಯೂ ಅವರ ಕೆಲಸವಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ, ಹೀಗೆ ಆರು ಭೇಟಿ. 2009ರಲ್ಲಿ ಆರಂಭವಾದ ‘ಸುಕ್ಷೇಮ’ ಯೋಜನೆ ಕೊಪ್ಪಳವೂ ಸೇರಿದಂತೆ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ತಾಯಿ-ಮಗುವಿನ ಆರೈಕೆಯನ್ನು ಸುಧಾರಿಸಲು ಕೆಲಸ ಮಾಡಿತು. 2016ರಲ್ಲಿ ಎದೆಹಾಲಿಗೆಂದೇ ‘ಮಾ’ ಕಾರ್ಯಕ್ರಮ ಬಂದಿತು.

ಈ ತರಬೇತಿಯಲ್ಲಿ ನನಗೆ ಮುಖ್ಯವೆನಿಸುವುದು ಉಪದೇಶವಲ್ಲ, ನೋಡುವ ಕಲಿಕೆ. ಮಗುವಿನ ಬಾಯಿ ಅಗಲವಾಗಿ ತೆರೆದಿದೆಯೇ? ಗದ್ದ ಎದೆಗೆ ತಾಗಿದೆಯೇ? ಕೆಳತುಟಿ ಹೊರಗೆ ಮಡಚಿದೆಯೇ? ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ಗಡೆ ಹೆಚ್ಚು, ಕೆಳಗಡೆ ಕಡಿಮೆ ಕಾಣುತ್ತಿದೆಯೇ? ಬರೀ ತೊಟ್ಟನ್ನಷ್ಟೇ ಚೀಪಿದರೆ ತೊಟ್ಟು ಬಿರಿಯುತ್ತದೆ, ಮಗುವಿಗೂ ಹೊಟ್ಟೆ ತುಂಬುವುದಿಲ್ಲ. ಅನೇಕ ವೇಳೆ ತಾಯಿ ಕುಳಿತ ಭಂಗಿ ಬದಲಿಸಿದರೆ ಸಾಕು. ಆಶಾ ಪ್ರತಿ ಭೇಟಿಯಲ್ಲೂ ತೂಕ ನೋಡುತ್ತಾರೆ. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಾ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಅಳುವೆಲ್ಲ ಹಸಿವಲ್ಲ. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಬಾಟಲಿ ಹಿಡಿಸಿದರೆ ಚೀಪುವುದು ಕಡಿಮೆಯಾಗಿ ಹಾಲೂ ಇಳಿಯುತ್ತದೆ.

ಹಿರಿಯರಿಗೂ ಒಂದು ಮಾತು. ಹಳದಿ ಬಣ್ಣದ ಗಿಣ್ಣದ ಹಾಲನ್ನು ಚೆಲ್ಲಬೇಡಿ, ಜೇನು, ಸಕ್ಕರೆ ನೀರು ನೆಕ್ಕಿಸಬೇಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲೂ ಆರು ತಿಂಗಳವರೆಗೆ ಕೂಸಿಗೆ ನೀರು ಬೇಡ. ಆದರೆ ಬಾಣಂತಿಗೆ ಬೇಕು. ಆಕೆಗೆ ನೀರು ಕೊಡದೆ ಬಾಯಾರಿಸುವ ಪದ್ಧತಿ ಯಾರು ಮಾಡಿದರೋ!

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಾಗ ಒಂದು ತೊಡಕಿದೆ. ಗಂಡನ ಊರಿನ ಆಶಾ ಅಲ್ಲೇ ಉಳಿಯುತ್ತಾರೆ, ತವರಿನವರಿಗೆ ಸುದ್ದಿಯೇ ಇರುವುದಿಲ್ಲ. ತಾಯಿ ಕಾರ್ಡ್ ತಂದು ಇಲ್ಲಿನ ಆಶಾಗೆ ತೋರಿಸಿ, ಹೆರಿಗೆಯ ದಿನವನ್ನು ತಿಳಿಸಿಡಿ.

ಮಗು ಹಾಲು ಚೀಪುವುದನ್ನೇ ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಏದುಸಿರು ಬಿಟ್ಟರೆ, ಇಲ್ಲವೇ ತಾಯಿಯ ಎದೆ ಕೆಂಪಾಗಿ ಬಾತು ಜ್ವರ ಬಂದರೆ ಆಶಾ ಭೇಟಿಯ ದಿನಕ್ಕೆ ಕಾಯಬೇಡಿ. ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ.