ಮಾರ್ಮನ್ ದೇವಾಲಯದ ಚಿಹ್ನೆಗಳು: ಕೇಳಿದ್ದೆಷ್ಟು, ನಿಜವೆಷ್ಟು?

ಬೆಂಗಳೂರಿನ ಹೆಬ್ಬಾಳ, ಯಲಹಂಕ, ಆರ್.ಟಿ. ನಗರಗಳಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಬಂಧುಗಳು ಹೊರವರ್ತುಲ ರಸ್ತೆ ಹಿಡಿದು ಪೂರ್ವಕ್ಕೆ ಸಾಗಿದರೆ ಕೃಷ್ಣರಾಜಪುರದ ಆಚೆ ಹೂಡಿ ಸಿಗುತ್ತದೆ. ಮಾರ್ಮನರೆಂದು ಪರಿಚಿತರಾದ 'ಯೇಸುಕ್ರಿಸ್ತರ ಅಂತಿಮ ದಿನಗಳ ಸಂತರ ಸಭೆ'ಯವರು ಭಾರತದ ತಮ್ಮ ಮೊದಲ ದೇವಾಲಯಕ್ಕೆ ಆರಿಸಿಕೊಂಡ ಸ್ಥಳವಿದು. 2018ರ ಏಪ್ರಿಲ್ 1ರ ಪುನರುತ್ಥಾನದ ಭಾನುವಾರದಂದು ಆ ಸಭೆಯ ಅಂದಿನ ಅಧ್ಯಕ್ಷ ರಸೆಲ್ ನೆಲ್ಸನ್ ಇದನ್ನು ಘೋಷಿಸಿದರು. 2020ರ ಡಿಸೆಂಬರ್ 2ರಂದು ಭೂಮಿ ಅಗೆಯುವ ವಿಧಿ ನೆರವೇರಿತು.

ಇಂತಹ ದೇವಾಲಯಗಳ ಬಗ್ಗೆ ಹಲವು ಕಥೆಗಳು ಹರಿದಾಡುತ್ತವೆ. ಗೋಡೆಯ ಮೇಲಿನ ತಲೆಕೆಳಗಾದ ನಕ್ಷತ್ರ ಸೈತಾನನ ಗುರುತು ಎಂಬುದು ಅವುಗಳಲ್ಲೊಂದು. ಅಮೆರಿಕದ ನಾವೂ ಎಂಬ ಊರಿನಲ್ಲಿ 1840ರ ದಶಕದಲ್ಲಿ ಕಟ್ಟಿದ ದೇವಾಲಯದಲ್ಲಿ ಇಂತಹ ನಕ್ಷತ್ರಗಳಿದ್ದುದು ನಿಜ. ಆದರೆ ಆ ಆಕಾರಕ್ಕೆ ಕೆಡುಕಿನ ಅರ್ಥವನ್ನು ಪ್ರಚಾರಕ್ಕೆ ತಂದವರು ಫ್ರಾನ್ಸಿನ ಲೇಖಕ ಎಲಿಫಾಸ್ ಲೆವಿ, ಅದೂ 1850ರ ದಶಕದಲ್ಲಿ. ಅಷ್ಟೇ ಏಕೆ, ಫ್ರಾನ್ಸಿನ ಆಮಿಯೆನ್ಸ್‌ನ ನಮ್ಮದೇ ಕಥೋಲಿಕ ಪ್ರಧಾನಾಲಯದ ಗಾಜಿನ ಕಿಟಕಿಯಲ್ಲೂ ಇಂತಹ ನಕ್ಷತ್ರವಿದೆ.

ಶಿಖರದ ಮೇಲಿನ ಮೊರೋನಿ ಎಂಬ ದೂತನ ಪ್ರತಿಮೆ ಸದಾ ಪೂರ್ವಕ್ಕೇ ಮುಖ ಮಾಡಿರಬೇಕು ಎಂಬುದು ಇನ್ನೊಂದು ಕಥೆ. ಮಾರ್ಮನರಲ್ಲೇ ಅನೇಕರು ಇದನ್ನು ನಂಬುತ್ತಾರೆ. ಆದರೆ 2002ರಲ್ಲಿ ಮತ್ತೆ ಕಟ್ಟಿ ಪ್ರತಿಷ್ಠಾಪಿಸಿದ ನಾವೂ ದೇವಾಲಯದ ಪ್ರತಿಮೆ ಪಶ್ಚಿಮಕ್ಕಿದೆ. ಪ್ರತಿಮೆಯೇ ಇಲ್ಲದ ದೇವಾಲಯಗಳೂ ಉಂಟು.

ಹಾಗೆಂದು ಎಲ್ಲವೂ ಕಲ್ಪನೆಯಲ್ಲ. 1853ರಿಂದ 1893ರವರೆಗೆ 40 ವರ್ಷ ಕಟ್ಟಿದ ಸಾಲ್ಟ್ ಲೇಕ್ ದೇವಾಲಯದ ಪಶ್ಚಿಮ ಗೋಪುರದಲ್ಲಿ ಸಪ್ತರ್ಷಿ ಮಂಡಲದ ಕೆತ್ತನೆಯಿದೆ. ದಾರಿ ತಪ್ಪಿದವರು ಯಾಜಕತ್ವದ ಸಹಾಯದಿಂದ ದಾರಿ ಕಂಡುಕೊಳ್ಳುತ್ತಾರೆ ಎಂಬುದು ಅದರ ಅರ್ಥವೆಂದು ಶಿಲ್ಪಿ ಟ್ರೂಮನ್ ಏಂಜೆಲ್ ಅವರೇ ಬರೆದಿದ್ದಾರೆ.

ಊಹೆಗಳು ಬೆಳೆಯಲು ಮುಖ್ಯ ಕಾರಣ ಮುಚ್ಚಿದ ಬಾಗಿಲು. ಪ್ರತಿಷ್ಠೆಗೆ ಮೊದಲು ಅವರು ಎಲ್ಲರಿಗೂ ಒಳಗೆ ನೋಡಲು ಅವಕಾಶ ಕೊಡುತ್ತಾರೆ. ಆನಂತರ ಅನುಮತಿ ಪಡೆದ ಸದಸ್ಯರಿಗೆ ಮಾತ್ರ ಪ್ರವೇಶ. ಭಾನುವಾರದ ಆರಾಧನೆ ನಡೆಯುವ ಅವರ ಸಭಾಮಂದಿರಗಳು ಮಾತ್ರ ಎಲ್ಲರಿಗೂ ತೆರೆದಿವೆ.

ನಂಬಿಕೆಯ ವಿಷಯದಲ್ಲಿ ನಮಗೆ ಗೊಂದಲ ಬೇಡ. ಮಾರ್ಮನರ ದೀಕ್ಷಾಸ್ನಾನ ಸಿಂಧುವಲ್ಲವೆಂದು ವ್ಯಾಟಿಕನ್ 2001ರಲ್ಲಿ ಸ್ಪಷ್ಟಪಡಿಸಿದೆ. ತ್ರಿತ್ವದ ಕುರಿತ ಅವರ ಬೋಧನೆ ನಮ್ಮದಕ್ಕಿಂತ ತೀರಾ ಭಿನ್ನ ಎಂಬುದೇ ಅದಕ್ಕೆ ಕಾರಣ. ಧರ್ಮೋಪದೇಶ ತರಗತಿಯಲ್ಲಿ ಮಕ್ಕಳು ಕೇಳಿದರೆ ಈ ವ್ಯತ್ಯಾಸವನ್ನು ಹೇಳೋಣ, ನಕ್ಷತ್ರದ ಕಥೆಯನ್ನಲ್ಲ. ನಮ್ಮ ಚರ್ಚು, ಕಾನ್ವೆಂಟುಗಳ ಬಗ್ಗೆಯೂ ಜನರು ಏನೇನೋ ಊಹಿಸಿ ಮಾತನಾಡಿದಾಗ ನಮಗೆ ನೋವಾಗಿದೆ. ನೆರೆಯವನ ವಿರುದ್ಧ ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆ ನಮ್ಮೊಂದಿಗೆ ಭಿನ್ನಾಭಿಪ್ರಾಯವಿರುವ ನೆರೆಯವನಿಗೂ ಅನ್ವಯಿಸುತ್ತದೆ.