ಆಟೋದಲ್ಲಿ ಎಲ್ಲಾ ಒಂದೇ ಆಗುತ್ತೆ, ಮತ್ಯಾಕೆ ಹಸಿ ಕಸ ಒಣ ಕಸ?

ಇವತ್ತಿನ ವಿಷಯ ಕಸ. ಸ್ಕಿಪ್ ಮಾಡ್ಬೇಡಿ, ಸ್ವಲ್ಪ ಹೊತ್ತು ಕೇಳಿ.

ಈ ವಿಷಯ ತೆಗೆದಾಗೆಲ್ಲ ನನಗೆ ಎದುರಾಗೋ ಪ್ರಶ್ನೆ ಒಂದೇ. "ನಾವು ಕಸ ಬೇರೆ ಮಾಡಿ ಕೊಟ್ರೂ ಆಟೋದವರು ಒಂದೇ ಕಡೆ ಸುರೀತಾರೆ. ಮತ್ಯಾಕೆ ಈ ತಲೆನೋವು?"

ಪ್ರಶ್ನೆ ಸರಿಯಾಗೇ ಇದೆ. ಆದ್ರೆ ಉತ್ತರಕ್ಕೆ ಮುಂಚೆ ಬೆಂಗಳೂರಿನ ಪೂರ್ವಕ್ಕಿರೋ ಮಂಡೂರು ಅನ್ನೋ ಹಳ್ಳಿ ಬಗ್ಗೆ ಹೇಳ್ಬೇಕು. 2012ರಲ್ಲಿ ಯಲಹಂಕ ಕಡೆಯ ಮಾವಳ್ಳಿಪುರದಲ್ಲಿ ಕಸ ಸುರಿಯೋದು ನಿಂತಾಗ, ನಗರದ ಬೀದಿಗಳಲ್ಲೇ ಕಸ ರಾಶಿ ಬಿತ್ತು. ಭಾರವೆಲ್ಲ ಮಂಡೂರಿನ ಮೇಲೆ. ನೊಣ, ವಾಸನೆ, ಕುಡಿಯೋ ನೀರಿನ ಭಯ. ಬೇಸತ್ತ ಊರಿನವರು 2014ರಲ್ಲಿ ಬೀದಿಗಿಳಿದು ಹೋರಾಡಿದ ಮೇಲೆ, ಆ ವರ್ಷದ ಕೊನೆಗೆ ಅಲ್ಲಿಗೆ ಕಸ ಹೋಗೋದು ನಿಂತಿತು. ಬಂದಿದ್ದ ಕಸ ಮಾತ್ರ ಗುಡ್ಡವಾಗಿ ಅಲ್ಲೇ ಉಳಿಯಿತು.

ಆ ಗುಡ್ಡದಲ್ಲಿ ಇದ್ದಿದ್ದು ಏನು? ನಮ್ಮ ಮನೆಗಳ ಕಸದಲ್ಲಿ ಹೆಚ್ಚುಕಮ್ಮಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸ. ತರಕಾರಿ ಸಿಪ್ಪೆ, ಉಳಿದ ಅನ್ನ, ಟೀ ಚರಟ. ಇದು ಮಣ್ಣಲ್ಲಿ ಗಾಳಿ ಆಡೋ ಕಡೆ ಬಿದ್ದರೆ ಗೊಬ್ಬರ. ಅದೇ ಪ್ಲಾಸ್ಟಿಕ್ ಕವರ್ ಒಳಗೆ ಕಟ್ಟಿ, ಕಸದ ರಾಶಿಯಡಿ ಹೂತುಹೋದರೆ ಗಾಳಿ ಇಲ್ಲದೆ ಕೊಳೆತು ಮೀಥೇನ್ ಬಿಡುತ್ತೆ. ಗುಡ್ಡಕ್ಕೆ ಬೆಂಕಿ ಬೀಳೋದು ಇದರಿಂದಲೂ ಹೌದು. ಕೊಳೆತ ಕಪ್ಪು ನೀರು ಕೆಳಗಿಳಿದು ಅಂತರ್ಜಲ ಸೇರುತ್ತೆ. ಇನ್ನು ಒಣ ಕಸದ ಕಥೆ ಕೇಳಿ. ಸಾರು ಚೆಲ್ಲಿದ ಪೇಪರ್‌ಗೆ ಗುಜರಿಯಲ್ಲಿ ಬೆಲೆ ಇಲ್ಲ. ಅಂದ್ರೆ ಒಂದು ಬಟ್ಟಲು ಸಾರು ಒಂದು ಚೀಲ ಒಣ ಕಸವನ್ನ ಹಾಳು ಮಾಡುತ್ತೆ.

ಈಗ ಆಟೋ ವಿಷಯ. ಕೆಲವು ಕಡೆ ಸುರಿಯೋದು ನಿಜ, ಸುಳ್ಳು ಅನ್ನಲ್ಲ. ಆದ್ರೆ ಬೀದಿಯ ಇಪ್ಪತ್ತು ಮನೆಯಲ್ಲಿ ಹದಿನೈದು ಮನೆಯವರು ಬೆರೆಸಿಯೇ ಕೊಟ್ಟರೆ ಆ ಅಣ್ಣ ಏನ್ ಮಾಡ್ಬೇಕು, ಹೇಳಿ? ಕೊನೆಗೆ ಅದನ್ನ ಕೈಯಲ್ಲೇ ಬಿಡಿಸೋದು ಯಾರು? ಒಡೆದ ಗಾಜು, ಬ್ಲೇಡು, ಪ್ಯಾಡು, ಎಲ್ಲ ಅದರಲ್ಲೇ ಇರುತ್ತೆ. ನನಗೆ ಸಿಟ್ಟು ಬರೋದು ಇಲ್ಲಿ.

ಹಾಗಾಗಿ ನನ್ನ ಉತ್ತರ ಇಷ್ಟೇ: ಹಸಿ ಕಸವನ್ನ ಆಟೋಗೇ ಕೊಡಬೇಡಿ. ತೂತು ಮಾಡಿದ ಹಳೇ ಬಕೆಟ್ ಸಾಕು. ಒಂದು ಪದರ ಸಿಪ್ಪೆ, ಮೇಲೊಂದು ಪದರ ಒಣಗಿದ ಎಲೆ ಅಥವಾ ಕೊಕೊಪೀಟ್, ಸ್ವಲ್ಪ ಹುಳಿ ಮಜ್ಜಿಗೆ. ವಾರಕ್ಕೊಮ್ಮೆ ಕೆದಕಿ. ವಾಸನೆ ಬಂದರೆ ನೀರು ಜಾಸ್ತಿ ಆಗಿದೆ ಅಂತ ಅರ್ಥ, ಇನ್ನಷ್ಟು ಎಲೆ ಹಾಕಿ. ಎರಡು ಮೂರು ತಿಂಗಳಲ್ಲಿ ಕುಂಡಕ್ಕೆ ಗೊಬ್ಬರ. ಪಿಜಿಯಲ್ಲಿದ್ದೀರಾ? ಬಕೆಟ್ ಇಡೋಕೆ ಜಾಗ ಇರಲ್ಲ, ಗೊತ್ತು. ಓನರ್ ಆಂಟಿ ಹತ್ರ ಟೆರೇಸ್ ಮೂಲೆ ಕೇಳಿ ನೋಡಿ, ಗಿಡ ಇಟ್ಟಿದ್ದರೆ ಬೇಗ ಒಪ್ತಾರೆ.

ಇನ್ನೆರಡು ಸಣ್ಣ ವಿಷಯ. ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಮೂಲೆಯನ್ನ ಪೂರ್ತಿ ಬೇರೆ ಮಾಡಬೇಡಿ. ಆ ಚೂರು ಹಸಿ ಕಸಕ್ಕೆ ಬಿದ್ದರೆ ಯಾರ ಕೈಗೂ ಸಿಗಲ್ಲ. ಪ್ಯಾಡ್, ಡೈಪರ್ ಇದ್ದರೆ ನ್ಯೂಸ್‌ಪೇಪರ್‌ನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಲ್ಲಿ ಒಂದು ಚುಕ್ಕೆ ಇಟ್ಟು ಬೇರೆಯಾಗಿ ಕೊಡಿ. ತಗೊಳ್ಳೋರಿಗೆ ಬಿಚ್ಚಿ ನೋಡೋ ಕೆಲಸ ಇರಲ್ಲ.